ನೋಡುವವನ ಚಿತ್ರ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಇಬ್ಬರು ದೇವರಿದ್ದಾರೆ. ಪೂರ್ವಕ್ಕೆ ಮುಖ ಮಾಡಿದವನು ಸುಬ್ರಹ್ಮಣ್ಯ. ಅವನ ಬೆನ್ನಿಗೆ ಬೆನ್ನು ಕೊಟ್ಟು ಪಶ್ಚಿಮಕ್ಕೆ ಮುಖ ಮಾಡಿದವನು ನರಸಿಂಹ. ಸಾಲಿನಲ್ಲಿ ನಿಂತು ಒಳಗೆ ಬಂದವರಿಗೆ ಸುಬ್ರಹ್ಮಣ್ಯ ಎದುರಿಗೇ ಸಿಗುತ್ತಾನೆ. ನರಸಿಂಹನಿಗಾಗಿ ಹಿಂದೆ ಕನ್ನಡಿ ಇಟ್ಟಿದ್ದಾರೆ. ಅವನ ದರ್ಶನವೆಲ್ಲ ಅದರಲ್ಲೇ. ನಾಗರಕಲ್ಲು ಪ್ರತಿಷ್ಠೆ ಮಾಡಿಸಲು ಬಂದ ದಂಪತಿಯಾಗಲಿ, ದನಗಳ ಜಾತ್ರೆಗೆ ಬಂದು ಹಾಗೇ ಕೈಮುಗಿದು ಹೋಗುವ ರೈತನಾಗಲಿ, ತಾನು ನೋಡಿದ್ದು ನರಸಿಂಹನನ್ನಲ್ಲ, ಬರೀ ಗಾಜನ್ನು ಎಂದು ಗೊಣಗುತ್ತಾ ಹೊರಗೆ ಬರುವುದಿಲ್ಲ. ಹಾಗೆಂದು ಕನ್ನಡಿಯೇ ನರಸಿಂಹ ಎಂದೂ ಯಾರೂ ಹೇಳುವುದಿಲ್ಲ. ಪ್ರತಿಬಿಂಬ ಎಂದರೇನು ಎಂದು ವೇದಾಂತಿಗಳು ಶತಮಾನಗಟ್ಟಲೆ ನಡೆಸಿದ ಜಗಳವನ್ನು ಇಲ್ಲಿನ ಜನ ಮಂಗಳಾರತಿ ತೆಗೆದುಕೊಳ್ಳುವಷ್ಟರಲ್ಲಿ ದಾಟಿಬಿಡುತ್ತಾರೆ.

ಸ್ವಂತ ಮುಖದ ಮಟ್ಟಿಗೆ ನಾವೆಲ್ಲರೂ ಇದೇ ಸ್ಥಿತಿಯಲ್ಲಿದ್ದೇವೆ. ಮಗುವಿನ ಮುಖ, ನೆರೆಯವರ ಮುಖ, ಬಸ್ಸಿನಲ್ಲಿ ಎದುರು ಕೂತ ಅಪರಿಚಿತನ ಮುಖ ಎಲ್ಲವನ್ನೂ ನೇರವಾಗಿ ನೋಡಬಹುದು. ನಮ್ಮದೊಂದನ್ನು ಮಾತ್ರ ನೀರಿನಲ್ಲೋ ಕನ್ನಡಿಯಲ್ಲೋ ಫೋಟೊದಲ್ಲೋ ಹುಡುಕಬೇಕು. ಯುರೋಪಿನ ಚಿತ್ರಕಾರರು ಐದಾರು ನೂರು ವರ್ಷ ತಮ್ಮ ಮುಖವನ್ನು ತಾವೇ ಬರೆದುಕೊಂಡದ್ದು ಈ ಕೊರತೆಯ ಮುಂದೆ ಕೂತುಕೊಂಡೇ. 1484ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಹದಿಮೂರರ ಹುಡುಗ ಬೆಳ್ಳಿಯ ಮೊನೆಯ ಕಡ್ಡಿಯಿಂದ ತನ್ನ ಮುಖ ಗೀಚಿದ. ಮುಂದೆ, ಇದನ್ನು ತಾನು ಚಿಕ್ಕವನಾಗಿದ್ದಾಗ ಕನ್ನಡಿ ನೋಡಿಕೊಂಡು ಬರೆದದ್ದು ಎಂದು ಅದರ ಮೇಲೆ ಒಕ್ಕಣೆಯನ್ನೂ ಹಾಕಿಟ್ಟ. ಆ ಹಾಳೆ ಇಂದಿಗೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ.

ಡ್ಯೂರರ್‌ನಿಂದ ಹಾಲೆಂಡಿನ ವಾನ್ ಗೋನವರೆಗೆ ಈ ಸ್ವಚಿತ್ರಗಳನ್ನು ಕಲೆಯ ಇತಿಹಾಸವಾಗಿ ಓದುವುದು ರೂಢಿ. ಅವುಗಳ ಅಡಿಯಲ್ಲಿರುವ ತತ್ತ್ವದ ಪ್ರಶ್ನೆ ಮಾತ್ರ ನಮಗೆ ಹೊಸದಲ್ಲ. ನೋಡುವವನು ತನ್ನನ್ನು ತಾನು ನೋಡಿಕೊಳ್ಳಬಲ್ಲನೇ? ನೋಡಿಕೊಂಡರೆ, ಅಲ್ಲಿ ಕಂಡದ್ದು ನೋಡುವವನೇ, ಅಥವಾ ನೋಡಲ್ಪಟ್ಟ ಇನ್ನೊಂದು ವಸ್ತುವೇ? ವೇದಾಂತ ಇದನ್ನು ದೃಕ್ ಮತ್ತು ದೃಶ್ಯಗಳ ವಿವೇಕ ಎಂದು ಕರೆಯುತ್ತದೆ.

ಛಾಂದೋಗ್ಯ ಉಪನಿಷತ್ತಿನಲ್ಲಿ ಇದರ ಕಥೆಯೊಂದಿದೆ. ಮುಪ್ಪು ಸಾವುಗಳಿಲ್ಲದ ಆತ್ಮವನ್ನು ತಿಳಿದವನಿಗೆ ಸಕಲವೂ ಸಿಗುತ್ತದೆ ಎಂದು ಪ್ರಜಾಪತಿ ಹೇಳಿದ ಸುದ್ದಿ ದೇವತೆಗಳಿಗೂ ಅಸುರರಿಗೂ ತಲುಪಿತು. ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ಬರೂ ಕೈಯಲ್ಲಿ ಸಮಿತ್ತು ಹಿಡಿದು ಬಂದು 32 ವರ್ಷ ಶಿಷ್ಯರಾಗಿದ್ದರು. ಕಣ್ಣಿನಲ್ಲಿ ಕಾಣುವ ಪುರುಷನೇ ಆತ್ಮ ಎಂದ ಪ್ರಜಾಪತಿ, ನೀರು ತುಂಬಿದ ಪಾತ್ರೆಯಲ್ಲಿ ನೋಡಿಕೊಳ್ಳಿ ಎಂದ. ನೋಡಿದರು, ಕೂದಲು, ಉಗುರು ಸಮೇತ ಕಂಡಿತು. ಒಳ್ಳೆಯ ಬಟ್ಟೆ ತೊಟ್ಟು ಅಲಂಕರಿಸಿಕೊಂಡು ಮತ್ತೆ ನೋಡಿ ಎಂದ. ಮತ್ತೆ ನೋಡಿದರು; ನೀರಿನೊಳಗಿನವರೂ ಅಲಂಕರಿಸಿಕೊಂಡಿದ್ದರು. ಇಬ್ಬರೂ ತೃಪ್ತರಾಗಿ ಹೊರಟರು. ವಿರೋಚನ ತನ್ನವರ ಬಳಿಗೆ ಹೋಗಿ, ಶರೀರವೇ ಆತ್ಮ, ಅದನ್ನೇ ಪೂಜಿಸಿ ಎಂದು ಸಾರಿದ. ಇಂದ್ರನಿಗೆ ಮಾತ್ರ ದಾರಿಯ ಮಧ್ಯೆ ಅನುಮಾನ ಬಂತು. ಶರೀರ ಸಿಂಗರಿಸಿಕೊಂಡರೆ ನೀರಿನವನೂ ಸಿಂಗರಿಸಿಕೊಳ್ಳುತ್ತಾನೆ ಎಂದಾದರೆ, ಶರೀರ ಕುರುಡಾದರೆ ಅವನೂ ಕುರುಡ, ಶರೀರ ಸತ್ತರೆ ಅವನೂ ಸತ್ತ. ಇದರಲ್ಲಿ ಮುಪ್ಪಿಲ್ಲದ್ದು ಯಾವುದು? ಹಿಂದಿರುಗಿದ. ಕನಸಿನ ಪಾಠ, ಗಾಢನಿದ್ರೆಯ ಪಾಠ ಎಲ್ಲವೂ ಮುಗಿಯುವಷ್ಟರಲ್ಲಿ 101 ವರ್ಷಗಳಾದವು.

ಪ್ರಜಾಪತಿ ಸುಳ್ಳು ಹೇಳಿದನೇ ಎಂದು ಓದುಗರು ಸಿಟ್ಟಾಗುವುದುಂಟು. ನನಗೆ ಹಾಗೆ ಅನಿಸುವುದಿಲ್ಲ. ಅವನು ಹೇಳಿದ್ದು ಕಣ್ಣಿನಲ್ಲಿರುವ, ನೋಡುವ ಪುರುಷನನ್ನು. ಶಿಷ್ಯರು ಹಿಡಿದದ್ದು ನೀರಿನಲ್ಲಿ ಕಂಡವನನ್ನು. ನೀರು ತೋರಿಸಿದ್ದರಲ್ಲಿ ಏನೂ ತಪ್ಪಿಲ್ಲ. ನೀರಿಗೆ ಬಗ್ಗಿದವನೊಬ್ಬ ಇದ್ದಾನೆ ಎಂಬುದು ವಿರೋಚನನ ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಇದನ್ನೇ ಬಿಗಿಯಾಗಿ ಹೇಳುತ್ತಾನೆ: ನೋಟವನ್ನು ನೋಡುವವನನ್ನು ನೋಡಲಾಗದು, ಎಲ್ಲವನ್ನೂ ಅರಿಯುವವನನ್ನು ಅರಿಯಲು ಇನ್ನೇನು ಸಾಧನವಿದೆ? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲಿ ಒಳಗೆ ಇಣುಕಿ, ತನಗೆ ಬಿಸಿ ತಂಪು, ಸುಖ ದುಃಖಗಳೆಂಬ ಅನುಭವಗಳು ಸಿಗುತ್ತವೆಯೇ ಹೊರತು ‘ನಾನು’ ಎಂಬುದು ಎಂದೂ ಕೈಗೆ ಸಿಗಲಿಲ್ಲ ಎಂದು ಬರೆದ. ಹುಡುಕಾಟ ಒಂದೇ, ಕೊನೆಗೆ ಹೇಳಿದ್ದು ಬೇರೆ. ಸಿಗಲಿಲ್ಲವಾದ್ದರಿಂದ ಇಲ್ಲ ಎಂಬ ಕಡೆಗೆ ಹ್ಯೂಮ್ ವಾಲಿದ. ಹುಡುಕುತ್ತಿರುವವನೇ ಅದು, ಹಾಗಾಗಿ ಸಿಗುವುದಿಲ್ಲ ಎಂದ ಯಾಜ್ಞವಲ್ಕ್ಯ.

ಕನ್ನಡಿಯೇ ಇಲ್ಲದೆ ಸ್ವಚಿತ್ರ ಬರೆದರೆ ಹೇಗಿರುತ್ತದೆ? ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಬರೆದು ತೋರಿಸಿದ. ಅದು 1886ರ ಅವನ ಪುಸ್ತಕದಲ್ಲಿದೆ. ಒರಗಿ ಮಲಗಿದವನ ಎಡಗಣ್ಣಿಗೆ ಏನು ಕಾಣುತ್ತದೋ ಅಷ್ಟೇ. ಮೇಲೆ ಹುಬ್ಬಿನ ಕಮಾನು, ಪಕ್ಕದಲ್ಲಿ ಮೂಗಿನ ಬದಿ, ಕೆಳಗೆ ಮೀಸೆಯ ಅಂಚು, ಆಚೆ ಚಾಚಿದ ಕಾಲುಗಳು, ಪೆನ್ಸಿಲ್ ಹಿಡಿದ ಕೈ, ಕಿಟಕಿ. ತಲೆ ಇಲ್ಲ. ಇಷ್ಟು ಪ್ರಾಮಾಣಿಕವಾದ ಸ್ವಚಿತ್ರ ಇನ್ನೊಂದಿಲ್ಲ. ಆದರೆ ಅದನ್ನು ನೋಡಿ ಮಾಖ್‌ನನ್ನು ಬೀದಿಯಲ್ಲಿ ಗುರುತು ಹಿಡಿಯಲು ಯಾರಿಗೂ ಆಗದು.

ಗುರುತು ಸಿಗುವಂತೆ ಬರೆಯಬೇಕಾದರೆ ಹೊರಗಿನಿಂದ ನೋಡಬೇಕು, ಅದಕ್ಕೆ ಕನ್ನಡಿ ಬೇಕು. ಕನ್ನಡಿ ತನ್ನ ಸುಂಕವನ್ನು ವಸೂಲಿ ಮಾಡದೆ ಬಿಡುವುದಿಲ್ಲ. ಇಟಲಿಯ ಪಾರ್ಮಿಜಾನಿನೊ ಸುಮಾರು 1524ರಲ್ಲಿ ಉಬ್ಬುಗನ್ನಡಿಯಲ್ಲಿ ಕಂಡದ್ದನ್ನು ಉಬ್ಬಿದ ಮರದ ಹಲಗೆಯ ಮೇಲೇ ಬರೆದ; ಮುಖ ಪುಟ್ಟದು, ಮುಂದೆ ಚಾಚಿದ ಕೈ ರಾಕ್ಷಸನದು. ವಾನ್ ಗೋ ಕತ್ತರಿಸಿಕೊಂಡದ್ದು ಎಡಗಿವಿ. 1889ರ ಚಿತ್ರದಲ್ಲಿ ಬ್ಯಾಂಡೇಜು ಬಲಗಿವಿಯ ಮೇಲಿರುವಂತೆ ಕಾಣುತ್ತದೆ, ಕನ್ನಡಿಯಲ್ಲಿ ಕಂಡದ್ದನ್ನು ಅವನು ಹಾಗೇ ಇಟ್ಟ.

ಇವರೆಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಹಾಲೆಂಡಿನ ರೆಂಬ್ರಾಂಟ್‌ನ ಮುಂದೆ. ತೈಲಚಿತ್ರ, ಎಚ್ಚಿಂಗ್, ರೇಖಾಚಿತ್ರ ಎಲ್ಲ ಸೇರಿ ಅವನು ಬರೆದ ಸ್ವಚಿತ್ರಗಳು ಎಂಬತ್ತರ ಆಸುಪಾಸು. ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿರುವ ಸುಮಾರು 1628ರ ಒಂದು ಚಿತ್ರ ಪುಸ್ತಕದ ಹಾಳೆಯಷ್ಟು ದೊಡ್ಡದು. ಬೆಳಕು ಕೆನ್ನೆಗೆ, ಕಿವಿಯ ತುದಿಗೆ ಬಿದ್ದಿದೆ. ಗುಂಗುರು ಕೂದಲನ್ನು ಹಸಿ ಬಣ್ಣದಲ್ಲಿ ಕುಂಚದ ಹಿಂಬದಿಯಿಂದ ಗೀರಿ ತೆಗೆದಿದ್ದಾನೆ. ಕಣ್ಣುಗಳಿರುವ ಜಾಗದಲ್ಲಿ ಮಾತ್ರ ಕತ್ತಲು. ಹತ್ತಿರ ಹೋಗಿ ದಿಟ್ಟಿಸಿದರೆ ಆ ಕತ್ತಲಿನಿಂದ ಯಾರೋ ನಮ್ಮನ್ನು ನೋಡುತ್ತಿರುವುದು ತಡವಾಗಿ ತಿಳಿಯುತ್ತದೆ. ಇಪ್ಪತ್ತೆರಡರ ಆಸುಪಾಸಿನ ತರುಣ ಉಪನಿಷತ್ತು ಓದಿರಲಿಲ್ಲ. ಆದರೂ ಸ್ವಚಿತ್ರದಲ್ಲಿ ಯಾವುದನ್ನು ತೋರಿಸಲಾಗದೋ ಅದರ ಮೇಲೆ ನೆರಳೆಳೆಯಬೇಕು ಎಂಬುದು ಅವನ ಕೈಗೆ ತಿಳಿದಿತ್ತು.

ಲಂಡನ್ನಿನ ಕೆನ್‌ವುಡ್ ಮನೆಯಲ್ಲಿರುವುದು ಕೊನೆಗಾಲದ ಚಿತ್ರ, 1665ರ ಆಸುಪಾಸಿನದು. ದಿವಾಳಿಯೆದ್ದು ಮನೆ ಮಾರಿಕೊಂಡ ಮುದುಕ, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಬಣ್ಣದ ಹಲಗೆ, ಹಿಂದಿನ ಗೋಡೆಯ ಮೇಲೆ ಎರಡು ದೊಡ್ಡ ವೃತ್ತಗಳ ಕಮಾನು. ಎಕ್ಸ್‌ರೇ ಹಿಡಿದಾಗ ಅಡಿಯಲ್ಲಿ ಇನ್ನೊಂದು ಚಿತ್ರಣ ಸಿಕ್ಕಿತು. ಮೊದಲು ಅವನು ಕನ್ನಡಿ ತೋರಿಸಿದಂತೆಯೇ ಬರೆದಿದ್ದ, ಕುಂಚ ಎಡಗೈಯಲ್ಲಿತ್ತು. ಆಮೇಲೆ ಅದನ್ನು ಅಳಿಸಿ ಕೈಗಳನ್ನು ಅದಲು ಬದಲು ಮಾಡಿದ. ಮುಖವನ್ನು ಅಷ್ಟು ಕಾಳಜಿಯಿಂದ ಬರೆದವನು ಕೈಯನ್ನು ಮಾತ್ರ ನಾಲ್ಕು ಒರಟು ಎಳೆತಗಳಲ್ಲಿ ಬಿಟ್ಟುಬಿಟ್ಟಿದ್ದಾನೆ. ಕನ್ನಡಿಯಲ್ಲಿ ಕಾಣುವವನಿಂದ ಬರೆಯುತ್ತಿರುವವನ ಕಡೆಗೆ ಒಂದು ಹೆಜ್ಜೆ ಇಡಲು ಹೋದ ಜಾಗ ಅದು. ಅಲ್ಲೇ ಚಿತ್ರ ಮಸುಕಾಗಿದೆ.

ಇಷ್ಟು ಹೇಳುವಾಗ ಎಚ್ಚರವೂ ಬೇಕು. ರೆಂಬ್ರಾಂಟ್ ತನ್ನ ಆತ್ಮವನ್ನು ಶೋಧಿಸುತ್ತಿದ್ದ ಎಂಬುದು ಬಹುಪಾಲು ನಂತರದ ಕಾಲದವರು ಹಚ್ಚಿದ ಬಣ್ಣ. ಹೆಸರಾಂತ ಕಲಾವಿದನ ಮುಖವೂ ಅವನ ಕೈಚಳಕವೂ ಒಂದೇ ಹಲಗೆಯಲ್ಲಿ ಸಿಗುತ್ತದೆಂದು ಕೊಳ್ಳುವ ಗಿರಾಕಿಗಳಿದ್ದರು. ವಾನ್ ಗೋಗಂತೂ ಮಾಡೆಲ್‌ಗೆ ಕೊಡಲು ದುಡ್ಡಿರಲಿಲ್ಲ.

ಹಾಗಾದರೆ ಕನ್ನಡಿಯಲ್ಲಿ ಕಂಡದ್ದು ಸುಳ್ಳೇ? ಇಲ್ಲಿ ನಮ್ಮ ನಾಡಿನ ಮಠಗಳಲ್ಲಿ ನಡೆದ ಚರ್ಚೆ ಯುರೋಪಿನದಕ್ಕಿಂತ ಸೂಕ್ಷ್ಮವಾಗಿದೆ. ಶೃಂಗೇರಿಯ ಪರಂಪರೆ ಮೊದಲಿಗರಲ್ಲಿ ಎಣಿಸುವ ಸುರೇಶ್ವರರ ಪಕ್ಷದಲ್ಲಿ ಪ್ರತಿಬಿಂಬ ಬರೀ ಆಭಾಸ. ಮುಖವೂ ಅಲ್ಲ, ಕನ್ನಡಿಯೂ ಅಲ್ಲ, ತಿಳಿವು ಬಂದಾಗ ಇಲ್ಲವಾಗುವಂಥದ್ದು. ಅದ್ವೈತದ್ದೇ ಇನ್ನೊಂದು ಶಾಖೆಯಾದ ವಿವರಣ ಸಂಪ್ರದಾಯ ಇದನ್ನು ಒಪ್ಪುವುದಿಲ್ಲ. ಕಣ್ಣಿನ ಕಿರಣ ಕನ್ನಡಿಗೆ ತಾಗಿ ಹಿಂದಿರುಗಿ ನಮ್ಮ ಮುಖವನ್ನೇ ಹಿಡಿಯುತ್ತದೆ, ಆದ್ದರಿಂದ ಕಂಡದ್ದು ನಿಜವಾದ ಮುಖವೇ, ‘ಅಲ್ಲಿದೆ’ ಎಂದುಕೊಂಡದ್ದಷ್ಟೇ ತಪ್ಪು ಎನ್ನುತ್ತದೆ. ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಇಬ್ಬರನ್ನೂ ಬಿಟ್ಟು ಬೇರೆ ದಾರಿ ಹಿಡಿದರು. ಜೀವ ವಿಷ್ಣುವಿನ ಪ್ರತಿಬಿಂಬ ನಿಜ. ಆದರೆ ಪ್ರತಿಬಿಂಬವೆಂದರೆ ಬಿಂಬವನ್ನು ಹೋಲುವಂಥದ್ದು, ಅದಕ್ಕೆ ಅಧೀನವಾದದ್ದು, ಅದಕ್ಕಿಂತ ಬೇರೆಯಾದದ್ದು, ಮತ್ತು ಸತ್ಯವಾದದ್ದು. ನಡುವೆ ಕನ್ನಡಿಯೂ ಬೇಡ. ಸೂರ್ಯನಿಗೆ ಮಳೆಬಿಲ್ಲು ಇದ್ದಂತೆ ಎಂಬುದು ಅವರು ಕೊಟ್ಟ ಉದಾಹರಣೆ. ಡ್ಯೂರರ್ 1500ರಲ್ಲಿ, 28ರ ಹರೆಯದಲ್ಲಿ, ಕ್ರಿಸ್ತನ ಚಿತ್ರಗಳಿಗೆ ಮೀಸಲಾಗಿದ್ದ ನೇರಮುಖದ ಭಂಗಿಯಲ್ಲಿ ತನ್ನನ್ನು ಬರೆದುಕೊಂಡದ್ದನ್ನು ಅಹಂಕಾರ ಎಂದು ಹಲವರು ಮುಗಿಸಿಬಿಡುತ್ತಾರೆ. ಮನುಷ್ಯ ದೇವರ ಪ್ರತಿರೂಪ ಎಂಬ ಅವನ ಧರ್ಮದ ನಂಬಿಕೆಯನ್ನು ಮಧ್ವರ ಪಕ್ಕದಲ್ಲಿಟ್ಟು ನೋಡಿದರೆ ಆ ಚಿತ್ರದಲ್ಲಿ ಅಧೀನತೆಯೂ ಕಾಣುತ್ತದೆ.

ಚಿತ್ರಕಲೆಯನ್ನೇ ಹಿಡಿದು ಈ ವಿಚಾರವನ್ನು ಬಿಡಿಸಿದ ಗ್ರಂಥವೂ ಇದೆ. ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿಯ ಆರನೆಯ ಪ್ರಕರಣದ ಹೆಸರೇ ಚಿತ್ರದೀಪ. ಬಟ್ಟೆಗೆ ನಾಲ್ಕು ಅವಸ್ಥೆ: ಒಗೆದದ್ದು, ಗಂಜಿ ಹಾಕಿದ್ದು, ಗೆರೆ ಎಳೆದದ್ದು, ಬಣ್ಣ ತುಂಬಿದ್ದು. ಹಾಗೆಯೇ ಪರಮಾತ್ಮನಿಗೂ ನಾಲ್ಕು ಎನ್ನುತ್ತದೆ ಅದು. ಪವರ್‌ಲೂಮುಗಳ ಊರಾದ ದೊಡ್ಡಬಳ್ಳಾಪುರದ ನೇಕಾರರಿಗೆ ಗಂಜಿಯ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಮಾತು ಇನ್ನೂ ಚೆನ್ನಾಗಿದೆ. ಬಟ್ಟೆಯ ಮೇಲೆ ಬರೆದ ಮನುಷ್ಯರಿಗೆ ಚಿತ್ರಕಾರ ಬಟ್ಟೆಯನ್ನೂ ತೊಡಿಸುತ್ತಾನೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ್ದು. ಅವು ಅಡಿಯಲ್ಲಿರುವ ನಿಜವಾದ ಬಟ್ಟೆಯ ಹಾಗೇ ಕಾಣುತ್ತವೆ, ಆದರೆ ಬಟ್ಟೆಯಲ್ಲ. ಚಳಿಗೆ ಹೊದೆಯಲು ಬರುವುದಿಲ್ಲ. ‘ನಾನು, ನಾನು’ ಎನ್ನುವ ನಮ್ಮ ಒಂದೊಂದು ಅರಿವೂ ಹಾಗೆ ಬರೆದ ಬಟ್ಟೆ. ಎಲ್ಲವನ್ನೂ ಹೊತ್ತ ಚೈತನ್ಯ ಅಡಿಯ ಬಟ್ಟೆ. ಈ ಮಾತು ಓದಿದ ಮೇಲೆ ಕೆನ್‌ವುಡ್‌ನ ಬಿಳಿ ಟೋಪಿಯನ್ನು ಬೇರೆ ರೀತಿ ನೋಡಬೇಕಾಗುತ್ತದೆ. ಕ್ಯಾನ್ವಾಸ್ ಎಂಬ ಬಟ್ಟೆಯ ಮೇಲೆ ಬರೆದ ಬಟ್ಟೆ ಅದು. ಅದರ ಕೆಳಗಿನ ಕಣ್ಣುಗಳೂ ನೋಡುತ್ತಿರುವಂತೆ ಕಾಣುತ್ತವೆ, ಅವುಗಳಿಂದ ಏನನ್ನೂ ನೋಡಲಾಗದು.

ಇಷ್ಟೆಲ್ಲ ಯೋಚಿಸಿದ ನಾಡಿನಲ್ಲಿ ಚಿತ್ರಕಾರರು, ಶಿಲ್ಪಿಗಳು ತಮ್ಮ ಮುಖವನ್ನೇಕೆ ಉಳಿಸಲಿಲ್ಲ? ಒಳ್ಳೆಯ ಗಾಜಿನ ಕನ್ನಡಿ ವೆನಿಸ್‌ನಿಂದ ಬಂದದ್ದರಿಂದ ಯುರೋಪಿನಲ್ಲಿ ಸ್ವಚಿತ್ರ ಹುಟ್ಟಿತು ಎಂಬ ವಿವರಣೆ ನನಗೆ ಸಾಲದು. ಬೇಲೂರಿನ ದರ್ಪಣ ಸುಂದರಿ ಹನ್ನೆರಡನೆಯ ಶತಮಾನದಲ್ಲೇ ಕನ್ನಡಿ ಹಿಡಿದು ನಿಂತಿದ್ದಾಳೆ. ಅದೇ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ವಿಗ್ರಹದ ಪೀಠದಲ್ಲಿ ಕೆತ್ತಿಟ್ಟರು. ಹೊಯ್ಸಳ ಶಿಲ್ಪಿಗಳಿಗೆ ಸಂಕೋಚವೇನೂ ಇರಲಿಲ್ಲ. ಹೆಸರಿನ ಜೊತೆ ಬಿರುದನ್ನೂ ಹಾಕಿಕೊಂಡವರಿದ್ದಾರೆ. ಮುಖ ಬೇಕೆನಿಸಲಿಲ್ಲ, ಅಷ್ಟೇ. ಮುಖ ಉಳಿದದ್ದು ಮಾಡಿಸಿದವರದು. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಕೆಂಪೇಗೌಡರ ಲೋಹದ ಮೂರ್ತಿಯಿದೆ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1609ರಲ್ಲಿ ಇಟ್ಟದ್ದು. ಕೈಮುಗಿದು ನಿಂತಿದ್ದಾರೆ. ರೆಂಬ್ರಾಂಟ್ ನೋಡುವವರನ್ನು ನೋಡುತ್ತಾನೆ. ಕೈಮುಗಿದವರ ದೃಷ್ಟಿ ದೇವರ ಕಡೆಗೆ. ಆ ಮೂರ್ತಿಯನ್ನು ಎರಕ ಹೊಯ್ದವನ ಮುಖ ಹೇಗಿತ್ತೋ.

ತನ್ನನ್ನೇ ವಸ್ತುವಾಗಿಸಿಕೊಂಡು ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡವರು ನಮ್ಮ ಕಾಲದ ಬೆಂಗಳೂರಿನ ಎನ್. ಪುಷ್ಪಮಾಲಾ. 1956ರಲ್ಲಿ ಹುಟ್ಟಿದ, ಶಿಲ್ಪಕಲೆ ಕಲಿತ ಈ ಕಲಾವಿದೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ದೇಶೀ ಹೆಂಗಸರ ರೀತಿ ನೀತಿ ಎಂಬರ್ಥದ ಶೀರ್ಷಿಕೆಯ ಚಿತ್ರಸರಣಿ ಮಾಡಿದರು. ಒಂದು ಫೋಟೊದಲ್ಲಿ ಅವರು ರವಿವರ್ಮನ ಲಕ್ಷ್ಮಿ. ಇನ್ನೊಂದರಲ್ಲಿ ಬ್ರಿಟಿಷ್ ಜನಾಂಗ ಅಧ್ಯಯನದ ಹಳೆಯ ಫೋಟೊವನ್ನು ಮರುಸೃಷ್ಟಿಸುತ್ತಾ, ಅಳತೆಗೆಂದು ಚೌಕುಳಿ ಪರದೆಯ ಮುಂದೆ ನಿಲ್ಲಿಸಿದ ತೋಡ ಬುಡಕಟ್ಟಿನ ಹೆಂಗಸು. ಎಲ್ಲವೂ ಅವರದೇ ದೇಹ, ಅವರದೇ ಮುಖ. ಆದರೆ ಯಾವುದರಲ್ಲೂ ಪುಷ್ಪಮಾಲಾ ಎಂಬ ವ್ಯಕ್ತಿಯನ್ನು ಹುಡುಕಿ ಪ್ರಯೋಜನವಿಲ್ಲ. ಸಿಗುವುದು ಹೆಣ್ಣನ್ನು ನೋಡಿದವರ ಕಣ್ಣುಗಳು, ಭಕ್ತನದು, ಕ್ಯಾಲೆಂಡರ್ ಅಚ್ಚಿನವನದು, ಅಳತೆಪಟ್ಟಿ ಹಿಡಿದ ಅಧಿಕಾರಿಯದು. ಈ ಸರಣಿಗೆ ಕ್ಯಾಮೆರಾದ ಹಿಂದೆ ಇದ್ದವರು ಅವರ ಜೊತೆಗಾರ್ತಿ ಕ್ಲೇರ್ ಆರ್ನಿ. ಕನ್ನಡಿಯ ಜಾಗಕ್ಕೆ ಇನ್ನೊಬ್ಬ ಹೆಂಗಸು ಬಂದು ನಿಂತ ಈ ಚಿತ್ರಗಳನ್ನು ಸ್ವಚಿತ್ರ ಎನ್ನಬೇಕೇ ಬೇಡವೇ ಎಂಬುದು ವಿಮರ್ಶಕರಿಗೆ ಬಿಟ್ಟದ್ದು. ನೀರಿನ ಪಾತ್ರೆಗೆ ಎರಡನೆಯ ಸಲ ಬಗ್ಗುವ ಮುನ್ನ ಇಂದ್ರ ವಿರೋಚನರು ತೊಟ್ಟ ಉಡುಪನ್ನು ಯಾರು ಆರಿಸಿಕೊಟ್ಟರು ಎಂದು ಉಪನಿಷತ್ತು ಕೇಳಿರಲಿಲ್ಲ. ಪುಷ್ಪಮಾಲಾ ಕೇಳುತ್ತಿರುವುದು ಅದನ್ನೇ.