ನೆರಳು ಕೊಡುವುದು ಧರ್ಮವೇ?

ಬೇಸಿಗೆ ಬಂತೆಂದರೆ ನಮ್ಮ ಊರುಗಳ ರಸ್ತೆಬದಿಯಲ್ಲಿ ಅರವಟ್ಟಿಗೆಗಳು ಏಳುತ್ತವೆ. ನಾಲ್ಕು ಗಳ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ, ಕೆಳಗೆ ನೀರಿನ ಗಡಿಗೆ ಇಟ್ಟರೆ ಆಯಿತು. ರಾಮನವಮಿಯಂದು ಪಾನಕ, ನೀರುಮಜ್ಜಿಗೆಯೂ ಸಿಗುತ್ತದೆ. ಇದನ್ನು ಪುಣ್ಯಕಾರ್ಯ ಎನ್ನುವುದು ರೂಢಿ. ಪುಣ್ಯದ ಆಸೆಯಿಂದ ಹಾಕಿದ ಚಪ್ಪರ ಧರ್ಮವಾದೀತೇ, ಅದೂ ಒಂದು ವ್ಯಾಪಾರವಲ್ಲವೇ ಎಂಬ ಆಕ್ಷೇಪ ತಳ್ಳಿಹಾಕುವಂಥದಲ್ಲ. ಕ್ರಿ.ಪೂ. 3ನೇ ಶತಮಾನದ ಅಶೋಕ ತನ್ನ 7ನೇ ಸ್ತಂಭ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯುದ್ದ ಆಲದ ಮರ ನೆಡಿಸಿದ್ದನ್ನು ಹೇಳುತ್ತಾನೆ. ಆದರೆ ಇಂಥ ಸುಖವನ್ನು ಹಿಂದಿನ ಅರಸರೂ ಒದಗಿಸಿದ್ದರು, ಇದು ದೊಡ್ಡದಲ್ಲ, ಜನ ಧರ್ಮದಲ್ಲಿ ನಡೆಯಲಿ ಎಂಬುದೇ ತನ್ನ ಉದ್ದೇಶ ಎಂದೂ ಸೇರಿಸುತ್ತಾನೆ.

ಹಾಗಾದರೆ ಧರ್ಮವನ್ನು ಅಳೆಯುವುದು ಹೇಗೆ? ಕಟ್ಟಿದವರ ಮನಸ್ಸು ನಮಗೆ ಕಾಣದು. ಚಪ್ಪರದಡಿ ಯಾರಿಗೆ ಜಾಗವಿದೆ ಎಂಬುದು ಕಾಣುತ್ತದೆ. ಜಾತಿ ಕೇಳಿ ದೂರದಿಂದ ನೀರು ಹೊಯ್ದ ಕಾಲವೂ ನಮ್ಮಲ್ಲಿತ್ತು. ಅಲ್ಲಿ ಭಕ್ತಿ ಎಷ್ಟಿದ್ದರೂ ಧರ್ಮ ಇರಲಿಲ್ಲ. ಕಟ್ಟುವ ಬಗೆಯೂ ಸಾಕ್ಷಿ ನುಡಿಯುತ್ತದೆ. ತಗ್ಗಿನ ತಗಡಿನ ಮಾಡು ಕಾದು, ಕೆಳಗೆ ನಿಂತವರ ತಲೆಯ ಮೇಲೇ ಶಾಖ ಸುರಿಸುತ್ತದೆ. ಗರಿಯ ಸಂದುಗಳಲ್ಲಿ ಬಿಸಿಗಾಳಿ ಮೇಲೇರಿ ಹೋಗುತ್ತದೆ. ಬರುವವರ ಮೈಯನ್ನು ನೆನೆದು ಕಟ್ಟಿದ್ದಕ್ಕೂ ಹೆಸರಿಗೆ ಕಟ್ಟಿದ್ದಕ್ಕೂ ಇರುವ ಅಂತರ ಇದು. ಇದೆಲ್ಲ ಸರ್ಕಾರದ ಕೆಲಸ ಎನ್ನುವವರ ಮಾತು ನಿಜ. ಬಸ್ ನಿಲ್ದಾಣದ ನೆರಳನ್ನು ದಾನವಾಗಿ ಬೇಡಬೇಕಿಲ್ಲ, ಅದು ಹಕ್ಕು. ಹಕ್ಕಿನಿಂದ ನಮ್ಮ ಹೊಣೆ ಇಳಿಯುವುದಿಲ್ಲ. ಗುರುತಿಲ್ಲದವರ ದಣಿವನ್ನು ನಮ್ಮದೆಂದುಕೊಳ್ಳದ ಧಾರ್ಮಿಕತೆ ಬರೀ ಆಚರಣೆ.