ಪ್ರಶ್ನೆಯ ಪುರುಷ, ಪ್ರಶ್ನೆಯ ಕಾಲ

ವೇದಾಂತಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ಹುಬ್ಬಳ್ಳಿ-ಧಾರವಾಡದ ಯಾವ ಮಠದಲ್ಲಾದರೂ ಸರಿಯೆ, ಒಬ್ಬರಲ್ಲ ಒಬ್ಬರು ಸ್ವಾಮಿಗಳ ಮುಂದೆ ಕೈಜೋಡಿಸಿ ಕೇಳುವ ಪ್ರಶ್ನೆಯೊಂದುಂಟು: ‘ಅಜ್ಜಾರ, ನನಗ ಮುಕ್ತಿ ಯಾವಾಗ ಸಿಗತೈತ್ರಿ?’ ಪ್ರಶ್ನೆ ಪ್ರಾಮಾಣಿಕವಾದುದು. ಅದರ ಹಿಂದಿನ ಆರ್ತತೆಯನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ಉತ್ತರಕ್ಕಾಗಿ ಶಾಸ್ತ್ರಗ್ರಂಥಗಳನ್ನೆಲ್ಲ ತಿರುವಿಹಾಕುವ ನಾವು, ಪ್ರಶ್ನೆಯಲ್ಲಿ ನಿಂತಿರುವ ಸರ್ವನಾಮ ಯಾವುದು, ಅದರ ಕ್ರಿಯಾಪದ ಯಾವ ಕಾಲದ್ದು ಎಂದು ವಿಚಾರಿಸುವುದು ತೀರ ವಿರಳ. ‘ಸಿಗತೈತ್ರಿ’ ಎಂದೊಡನೆಯೇ ಮುಕ್ತಿಯು ಇಂದಿಲ್ಲದೆ ನಾಳೆ ಒದಗತಕ್ಕ ವಸ್ತುವಾಯಿತು. ‘ನನಗ’ ಎಂಬ ಚತುರ್ಥೀ ವಿಭಕ್ತಿಯಿಂದ ಅದನ್ನು ಪಡೆಯತಕ್ಕವನೊಬ್ಬನು ಅದರಿಂದ ಬೇರೆಯಾಗಿ ನಿಂತನು. ಗುರುಗಳು ಬಾಯ್ದೆರೆಯುವ ಮುನ್ನವೇ ಅರ್ಧ ಸಿದ್ಧಾಂತ ನಿರ್ಣಯವಾಗಿಹೋಯಿತು.

ಸಿದ್ಧಾರೂಢಸ್ವಾಮಿಗಳು (1836–1929) ನೆಲೆನಿಂತು ನಿಜಗುಣಶಿವಯೋಗಿಗಳ ಶಾಸ್ತ್ರಗಳನ್ನು ಜನಸಾಮಾನ್ಯರ ಕಿವಿಗೆ ಮುಟ್ಟಿಸಿದ ಹುಬ್ಬಳ್ಳಿಯಲ್ಲಿ ಈ ಪ್ರಶ್ನೆ ಇನ್ನೂ ಇದೇ ರೂಪದಲ್ಲಿ ಕೇಳಿಬರುವುದು ಸೋಜಿಗವೇ ಸರಿ. ಏಕೆಂದರೆ ಅದ್ವೈತದ ಮಟ್ಟಿಗೆ ಭವಿಷ್ಯತ್ತಿನ ದಾರಿಯನ್ನು ಶಂಕರರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಮುಚ್ಚಿದ್ದಾರೆ: ಕರ್ಮದ ಫಲವೆಂಬುದು ಉತ್ಪಾದ್ಯವಾಗಿರಬೇಕು, ಇಲ್ಲವೆ ಆಪ್ಯ, ವಿಕಾರ್ಯ, ಸಂಸ್ಕಾರ್ಯಗಳಲ್ಲೊಂದಾಗಿರಬೇಕು, ಮೋಕ್ಷವು ಈ ನಾಲ್ಕರಲ್ಲಿ ಯಾವುದೂ ಅಲ್ಲ. ಇದನ್ನೇ ಪ್ರವಚನಕಾರರು ಹತ್ತು ಜನರು ಹೊಳೆ ದಾಟಿದ ಕಥೆಯಾಗಿ ಹೇಳುತ್ತಾರೆ. ವಿದ್ಯಾರಣ್ಯರ ಪಂಚದಶಿಯಲ್ಲಿಯೂ ಅದು ಬರುತ್ತದೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ, ಒಂಬತ್ತೇ ಆಗುತ್ತದೆ, ಎಲ್ಲರೂ ಅಳುತ್ತಾರೆ. ಅವರ ಪ್ರಶ್ನೆಯ ರೂಪವನ್ನು ಗಮನಿಸಬೇಕು: ‘ಹತ್ತನೆಯವನು ಎಲ್ಲಿ ಹೋದನು?’ ಕ್ರಿಯೆ ಭೂತಕಾಲದ್ದು, ಪುರುಷ ಪ್ರಥಮಪುರುಷ. ಅಲ್ಲಿಗೆ ಬಂದ ದಾರಿಹೋಕನ ‘ಹತ್ತನೆಯವನು ನೀನೇ’ ಎಂಬ ಉತ್ತರ ಬರುವುದಾದರೋ ಮಧ್ಯಮಪುರುಷದಲ್ಲಿ, ವರ್ತಮಾನದಲ್ಲಿ. ಕೇಳಿದವನು ಅದನ್ನು ಅರಗಿಸಿಕೊಳ್ಳುವುದು ಉತ್ತಮಪುರುಷದಲ್ಲಿ. ಹೊಳೆಯಲ್ಲಿ ಯಾರೂ ಮುಳುಗಿರಲಿಲ್ಲ. ಮುಳುಗಿದ್ದುದು ಪ್ರಶ್ನೆಯ ವ್ಯಾಕರಣ.

ಆದರೆ ಭವಿಷ್ಯತ್ಕಾಲವೇ ಅಜ್ಞಾನದ ಲಕ್ಷಣವೆಂದು ಹೇಳಿಬಿಡುವುದು ಅವಸರದ ಮಾತಾದೀತು. ಜೀವನು ಬೇರೆ, ಈಶ್ವರನು ಬೇರೆ, ಮೋಕ್ಷವು ಅವನ ಪ್ರಸಾದದಿಂದ ಬರತಕ್ಕುದು ಎನ್ನುವ ಮಾಧ್ವರ ಬಾಯಲ್ಲಿ ಭವಿಷ್ಯತ್ತು ಸಮಂಜಸವಾದುದೇ. ಈ ಸೀಮೆಯವರೆಲ್ಲ ಬಲ್ಲ ಒಂದು ಕಥೆ ಅಂತಹ ಸಭೆಯಲ್ಲಿಯೇ ನಡೆದುದು. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ವ್ಯಾಸರಾಯರ ಮುಂದಿದ್ದಾರೆ. (1997ರವರೆಗೆ ಬಾಡ ಧಾರವಾಡ ಜಿಲ್ಲೆಯದೇ, ಜಿಲ್ಲೆ ಒಡೆದರೂ ಕನಕರನ್ನು ನಾವು ಬಿಟ್ಟುಕೊಟ್ಟಿಲ್ಲ.) ಮೋಕ್ಷಕ್ಕೆ ಹೋಗುವವರಾರು ಎಂಬ ಪ್ರಶ್ನೆ ಏಳುತ್ತದೆ. ಪಂಡಿತರೊಬ್ಬೊಬ್ಬರ ಹೆಸರಿಗೂ, ಕಡೆಗೆ ಗುರುಗಳ ಹೆಸರಿಗೂ, ಕನಕರು ಇಲ್ಲವೆನ್ನುತ್ತಾರೆ. ‘ಹಾಗಾದರೆ ನೀನು ಹೋಗುವೆಯಾ?’ ಎಂದು ಕೇಳಿದಾಗ ಬಂದ ಉತ್ತರ: ‘ನಾನು ಹೋದರೆ ಹೋದೇನು.’

ಇದರ ಶ್ಲೇಷೆಯನ್ನು ಮೆಚ್ಚಿ ತಲೆದೂಗದ ಕನ್ನಡಿಗನಿಲ್ಲ. ಆದರೆ ಆ ಶ್ಲೇಷೆಗೆ ಎಡೆಮಾಡಿಕೊಟ್ಟುದು ಏನೆಂದು ನೋಡಿದವರು ಕಡಿಮೆ. ‘ಹೋದರೆ’ ಎಂಬ ಪಕ್ಷಾರ್ಥಕ ಅವ್ಯಯಕ್ಕೆ ಪುರುಷಪ್ರತ್ಯಯವಿಲ್ಲ. ಹೋಗುವವನು ನಾನೋ, ನೀನೋ, ಅವನೋ, ಅದೋ ಎಂದು ಅದು ಹೇಳುವುದೇ ಇಲ್ಲ. ಆದುದರಿಂದಲೇ ಅದರ ಹಿಂದಿನ ‘ನಾನು’ ಕನಕರೂ ಆಗಬಲ್ಲದು, ಅಹಂಕಾರವೆಂಬ ಬೇರೊಂದು ಪದಾರ್ಥವೂ ಆಗಬಲ್ಲದು. ‘ಹೋದೇನು’ ಎಂಬಲ್ಲಿಯಾದರೋ ಉತ್ತಮಪುರುಷದ ಪ್ರತ್ಯಯವುಂಟು, ಸರ್ವನಾಮವಿಲ್ಲ. ಎಂದಮೇಲೆ, ಹೋಗಬೇಕಾದ ‘ನಾನು’ ಬಾಯಿಂದ ಉಚ್ಚರಿತವಾದುದು. ಸೇರಬೇಕಾದವನು ಕ್ರಿಯಾಪದದ ತುದಿಯಲ್ಲಿ ಮಾತ್ರ ಉಳಿದವನು. ಇನ್ನು ಆ ಕ್ರಿಯಾರೂಪ! ಅದು ಭೂತಕಾಲದ ಧಾತುರೂಪದ ಮೇಲೆ ನಿಂತು ಮುಂದಾಗುವುದನ್ನು ಸೂಚಿಸುವ ಸಂಭಾವನಾರ್ಥಕ. ‘ಮಳಿ ಬಂದೀತು, ಛತ್ರಿ ತಗೋ’ ಎಂದು ಧಾರವಾಡದ ತಾಯಿ ಸಾಲಿಗೆ ಹೊರಟ ಹುಡುಗನಿಗೆ ಹೇಳುವಾಗ ಬಳಸುವ ರೂಪವೂ ಇದೇ. ಗುರುಗಳು ‘ಹೋಗುವೆಯಾ’ ಎಂದು ನಿಶ್ಚಯವನ್ನು ಕೇಳಿದರು. ಶಿಷ್ಯನು ಆ ನಿಶ್ಚಯದ ಕಾಲವನ್ನು ಸ್ವೀಕರಿಸದೆ ಬೇರೊಂದು ರೂಪದಲ್ಲಿ ಉತ್ತರವಿತ್ತನು. ‘ಹೋಗುವೆನು’ ಎಂದಿದ್ದರೆ ಹರಿಪ್ರಸಾದವನ್ನು ತಾನೇ ನಿಯಮಿಸಿದಂತಾಗುತ್ತಿತ್ತು. ‘ಹೋಗೆನು’ ಎಂದಿದ್ದರೆ ಪ್ರಸಾದವನ್ನೇ ಅಲ್ಲಗಳೆದಂತೆ. ನನ್ನ ಎಣಿಕೆಯಲ್ಲಿ ಭಕ್ತಿಯ ನಿಜವಾದ ಕಾಲ ಈ ಸಂಭಾವನೆಯೇ. ದ್ವೈತಸಭೆಯಲ್ಲಿ ಹುಟ್ಟಿದ ಈ ಮಾತು ಅದ್ವೈತಿಗಳ ಪ್ರವಚನಗಳಲ್ಲಿಯೂ ನಿರಾತಂಕವಾಗಿ ಸಂಚರಿಸುತ್ತಿದೆ; ಅದ್ವೈತಿಗಳು ಅದರ ಪೂರ್ವಾರ್ಧವನ್ನು ಹಿಡಿಯುತ್ತಾರೆ, ದ್ವೈತಿಗಳು ಉತ್ತರಾರ್ಧವನ್ನು.

ಸರ್ವನಾಮದ ವಿಷಯದಲ್ಲಿ ಶ್ರುತಿಯೂ ಒಂದನ್ನೇ ಪಟ್ಟುಹಿಡಿದುದಲ್ಲ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಿಗೆ ‘ಅದು ನೀನೇ’ ಎಂದು ಒಂಬತ್ತು ಸಲ ಮಧ್ಯಮಪುರುಷದಲ್ಲಿ ಹೇಳುತ್ತಾನೆ. ಬೃಹದಾರಣ್ಯಕದ ಮಹಾವಾಕ್ಯ ಉತ್ತಮಪುರುಷದ್ದು. ಮಾಂಡೂಕ್ಯದ್ದು ‘ಇದು’ ಎಂದು ಹತ್ತಿರದಿಂದ ಬೆರಳು ತೋರುವಂಥದು. ಐತರೇಯದಲ್ಲಿ ಸರ್ವನಾಮವೇ ಇಲ್ಲ. ಕನ್ನಡಕ್ಕಾದರೋ ಇವೆಲ್ಲವುಗಳ ಜೊತೆಗೆ ‘ತಾನು’ ಎಂಬ ಆತ್ಮಾರ್ಥಕವಿದೆ, ಮತ್ತು ನಮ್ಮ ಅನುಭಾವಿಗಳು ‘ನಾನು’ ಎಂಬುದಕ್ಕೆ ಮದದ ವಾಸನೆ ಹತ್ತಿದುದನ್ನು ಕಂಡು ‘ತನ್ನ ತಾನರಿವುದು’ ಎಂದು ಇದನ್ನೇ ಆರಿಸಿಕೊಂಡರು. ಧಾರವಾಡದ ಸಾಧನಕೇರಿಯ ಬೇಂದ್ರೆಯವರು ‘ನಾಕು ತಂತಿ’ಯಲ್ಲಿ ಸರ್ವನಾಮಗಳನ್ನೇ ತಂತಿಗಳನ್ನಾಗಿ ಬಿಗಿದುದು ಈ ನೆಲದಲ್ಲಿ ಆಕಸ್ಮಿಕವೇನಲ್ಲ. ಷಷ್ಠಿಯ ಸರ್ವನಾಮವೂ ಪರೀಕ್ಷೆಗೆ ಒಳಗಾದುದುಂಟು: ‘ನಿನ್ನ ಅಪ್ಪ ಯಾರು?’ ಎಂದು ಗೋವಿಂದಭಟ್ಟರು ಕೇಳಿದಾಗ ಶಿಶುನಾಳದ ಶರೀಫರು, ನಿನ್ನ ಅಪ್ಪನೇ ನನ್ನ ಅಪ್ಪನೂ ಎಂದರಂತೆ. ‘ನಿನ್ನ’ ಎಂಬುದು ಹಾಕಿದ ಗೆರೆಯನ್ನು ಒಪ್ಪದ ಶಿಷ್ಯನನ್ನು ಗುರುಗಳು ಆ ಕ್ಷಣವೇ ಒಪ್ಪಿದರು.

ಕಾಲದ ಆಯ್ಕೆಯಲ್ಲಿ ಕಠೋಪನಿಷತ್ತಿನ ನಚಿಕೇತನನ್ನು ಮೀರಿಸಿದ ಪೃಚ್ಛಕನನ್ನು ನಾನರಿಯೆ. ಸತ್ತವರನ್ನು ಕುರಿತು ‘ಇದ್ದರು’ ಎನ್ನುವುದು ಲೋಕರೂಢಿ. ಮುಂದೆ ಏನಾಗುವರು ಎಂದು ಕೇಳುವುದು ಲೋಕದ ಕುತೂಹಲ. ಆ ಬಾಲಕನು ಎರಡನ್ನೂ ತೊರೆದು, ಮನುಷ್ಯನು ಸತ್ತಮೇಲೆ ಕೆಲವರು ಇದ್ದಾನೆನ್ನುತ್ತಾರೆ, ಕೆಲವರು ಇಲ್ಲವೆನ್ನುತ್ತಾರೆ, ನಿಜವೇನು ಎಂದು ಮೃತ್ಯುವಿನ ಎದುರಿನಲ್ಲಿಯೇ ವರ್ತಮಾನದಲ್ಲಿ ಕೇಳಿದನು. ಕನ್ನಡದಲ್ಲಿ ಕೇಳಿದ್ದರೆ ‘ಉಂಟೋ, ಇಲ್ಲವೋ’ ಎಂದಿಷ್ಟೇ ಸಾಕಾಗುತ್ತಿತ್ತು. ‘ಉಂಟು’ ಎಂಬುದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ನಾನುಂಟು, ನೀನುಂಟು, ಅವನುಂಟು. ‘ಇಲ್ಲ’ ಎಂಬುದೂ ಹಾಗೆಯೇ ಕಾಲದ ಗುರುತಿಲ್ಲದ್ದು. ಅದರ ಜೊತೆಗೆ ‘ಅಲ್ಲ’ ಎಂಬ ಇನ್ನೊಂದು ನಿಷೇಧ ನಮಗಿರುವುದು ಭಾಗ್ಯವೇ ಸರಿ: ‘ನೇತಿ’ ಎಂಬಲ್ಲಿ ಋಷಿಯು ನಿರಾಕರಿಸಿದುದು ಆತ್ಮನ ಇರವನ್ನಲ್ಲ, ಅದನ್ನು ಇಂಥದೆಂದು ಗುರುತಿಸಿದುದನ್ನು, ದೇಹವಲ್ಲ, ಪ್ರಾಣವಲ್ಲ ಎನ್ನಬಹುದು, ಇಲ್ಲವೆನ್ನಲಾಗದು. ಯಮನು ವರಗಳ ಆಮಿಷವೊಡ್ಡಿ, ರಥದ ರೂಪಕವನ್ನು ಬೆಳೆಸಿ, ಅಶ್ವತ್ಥದ ಉಪಮೆ ಕೊಟ್ಟು, ಕೊನೆಯ ವಲ್ಲಿಯಲ್ಲಿ ಹುಡುಗನು ಕೇಳಿದ ಅದೇ ಕ್ರಿಯಾಪದಕ್ಕೆ ಮರಳುತ್ತಾನೆ: ಉಂಟೆನ್ನುವವನಿಗಲ್ಲದೆ ಅದು ಇನ್ನಾರಿಗೂ ದೊರೆಯದೆಂದು.