ತೊಗಲು ಮಡಿ, ಕೈ ಮೈಲಿಗೆ

ಜಪಾನಿನ ಬೌದ್ಧ ಗುಡಿಗಳಲ್ಲೂ ಶಿಂತೋ ಗುಡಿಗಳಲ್ಲೂ ತೈಕೋ ಎಂಬ ನಗಾರಿ ಇರುತ್ತದೆ. ದೊಡ್ಡ ತೈಕೋಗೆ ಬಿಗಿಯುವುದು ದನದ ತೊಗಲು. ತೊಕುಗಾವಾ ಮನೆತನ ಆಳುತ್ತಿದ್ದ 1603ರಿಂದ 1868ರವರೆಗಿನ ಕಾಲದಲ್ಲಿ ಎತ್ತು ಸತ್ತರೆ ಊರಿನವರು ಅದರ ತಂಟೆಗೆ ಹೋಗುತ್ತಿರಲಿಲ್ಲ. ಹೊರಗೇರಿಯ ‘ಎತಾ’ ಜನ ಬಂದು ಅದನ್ನು ಹೊತ್ತೊಯ್ದು, ಸುಲಿದು, ತೊಗಲನ್ನು ಹದ ಮಾಡಬೇಕಿತ್ತು. ಎತಾ ಎಂದು ಬರೆಯಲು ಬಳಸುತ್ತಿದ್ದ ಎರಡು ಅಕ್ಷರಗಳ ಅರ್ಥವೇ ‘ಮೈಲಿಗೆ ಹೆಚ್ಚು’. ಅದೇ ತೊಗಲು ನಗಾರಿಯಾಗಿ ದೇವರ ಮುಂದೆ ನುಡಿಯುವಾಗ ಯಾರಿಗೂ ಮೈಲಿಗೆ ಅನ್ನಿಸುತ್ತಿರಲಿಲ್ಲ. ತೊಗಲನ್ನು ಬಿಟ್ಟುಹೋದ ಮೈಲಿಗೆ ಹದ ಮಾಡಿದ ಕೈಯನ್ನು ಮಾತ್ರ ಯಾಕೆ ಬಿಡಲಿಲ್ಲ?

ಸಮುರಾಯ್, ರೈತ, ಕುಶಲಕರ್ಮಿ, ವ್ಯಾಪಾರಿ ಎಂಬ ನಾಲ್ಕು ಮೆಟ್ಟಿಲುಗಳ ಲೆಕ್ಕ ಚೀನಾದಿಂದ ಬಂದದ್ದು. ಕಲೆಗಳಿಗೂ ಅಂತಸ್ತು ಇತ್ತು. ನೋ ನಾಟಕ ಸಮುರಾಯ್‌ಗಳ ಸಮಾರಂಭಕ್ಕೆ, ಕಬುಕಿ ಪೇಟೆಯ ಜನರಿಗೆ. ಎತಾ ಜನಕ್ಕೆ ಈ ಮೆಟ್ಟಿಲುಗಳಲ್ಲಿ ಜಾಗವೇ ಇರಲಿಲ್ಲ.

ಈ ಹೊರಗಿಡುವಿಕೆ ತೊಕುಗಾವಾ ಆಳ್ವಿಕೆಗಿಂತ ಹಳೆಯದು. ಕ್ಯೋತೋದ ನದಿದಂಡೆಯಲ್ಲಿ ಬದುಕುತ್ತಿದ್ದವರನ್ನು ‘ಕವಾರಮೋನೋ’, ಅಂದರೆ ಹೊಳೆದಂಡೆಯವರು ಎನ್ನುತ್ತಿದ್ದರು. ತೊಗಲಿನ ಕೆಲಸದ ಜೊತೆಗೆ ತೋಟ ಕಟ್ಟುವ ಕೆಲಸವೂ ಅವರದೇ. ಅವರಲ್ಲೊಬ್ಬನಾದ ಜೆನ್‌ಅಮಿ ಕಾಯಿಲೆ ಬಿದ್ದಾಗ ದೇಶವಾಳುತ್ತಿದ್ದ ಶೋಗುನ್ ಅಶಿಕಾಗಾ ಯೊಶಿಮಸಾ ಔಷಧಿ ಕಳಿಸಿದ್ದ. ಕಲ್ಲು ಮರಳಿನ ತೋಟಕ್ಕೆ ಹೆಸರಾದ ರ್‍ಯೋಆನ್‌ಜಿ ಗುಡಿಯ ಒಂದು ಬಂಡೆಯ ಬೆನ್ನಿನಲ್ಲಿ ಕೋತಾರೋ ಎಂಬ ಹೆಸರು ಕೊರೆದಿದೆ. ಅವನೂ ಹೊಳೆದಂಡೆಯವನೇ ಇರಬೇಕೆಂದು ವಿದ್ವಾಂಸರ ಊಹೆ.

ಜೆನ್‌ಅಮಿಯ ಮೊಮ್ಮಗ ಮತಶಿರೋ 1489ರಲ್ಲಿ ಜೆನ್ ಸನ್ಯಾಸಿಯೊಬ್ಬರ ಎದುರು ಮನಸ್ಸು ಬಿಚ್ಚಿದ. ಕಟುಕರ ಮನೆಯಲ್ಲಿ ಹುಟ್ಟಿದ ಸಂಕಟ ಅವನದು. ಅದಕ್ಕೇ ಯಾವ ಜೀವವನ್ನೂ ತೆಗೆಯುವುದಿಲ್ಲ, ಹಣಕ್ಕೆ ಆಸೆಪಡುವುದಿಲ್ಲ ಎಂದು ವ್ರತ ಹಿಡಿದಿದ್ದ. ಸನ್ಯಾಸಿ ಇದನ್ನು ಮೆಚ್ಚಿ ದಿನಚರಿಯಲ್ಲಿ ಬರೆದಿಟ್ಟರು. ಹುಟ್ಟಿನಿಂದ ಯಾರೂ ಹೊಲೆಯಾಗುವುದಿಲ್ಲ, ನಡತೆಯಿಂದ ಆಗುತ್ತಾರೆ ಎಂದು ಬುದ್ಧನೇ ಹೇಳಿದ್ದಾನೆ. ಮತಶಿರೋ ಆ ಮಾತನ್ನು ಬಾಳಿ ತೋರಿಸಿದ್ದ. ಆದರೂ ಅವನ ಸಂಕಟ ಹೋಗಿರಲಿಲ್ಲ ಎಂಬುದನ್ನು ಮರೆಯಬಾರದು. ವ್ರತ ಅವನ ಕೈಯಲ್ಲಿತ್ತು. ಮೈಲಿಗೆ ಹಚ್ಚುವ ಅಧಿಕಾರ ಬೇರೆಯವರ ಕೈಯಲ್ಲಿತ್ತು.

ಶಿನ್‌ರಾನ್ ಗುರು 13ನೆಯ ಶತಮಾನದಲ್ಲೇ ಇನ್ನೂ ಮುಂದೆ ಹೋಗಿದ್ದರು. ಬೇಟೆಗಾರ, ವ್ಯಾಪಾರಿ ಎಲ್ಲರೂ ಕಲ್ಲು ಹೆಂಚಿನ ಚೂರುಗಳಂಥವರು, ಆ ಚೂರುಗಳನ್ನೇ ಅಮಿದ ಬುದ್ಧನ ಕರುಣೆ ಚಿನ್ನವಾಗಿಸುತ್ತದೆ ಎಂಬುದು ಅವರ ನಂಬಿಕೆ. ಹೊರಗೇರಿಗಳ ಬಹುಪಾಲು ಜನ ಅವರ ಪಂಥವನ್ನೇ ಹಿಡಿದರು. ತೊಕುಗಾವಾ ಕಾಲದಲ್ಲಿ ಅದೇ ಪಂಥ ಇವರಿಗೆ ಬೇರೆ ಗುಡಿಗಳನ್ನು ಇಟ್ಟಿತು; ಅವುಗಳಿಗೆ ‘ಮೈಲಿಗೆ ಗುಡಿ’ ಎಂಬ ಹೆಸರು. ಬೇರೆ ಪಂಥಗಳಲ್ಲಿ ಸತ್ತವರಿಗಿಡುವ ಧಾರ್ಮಿಕ ನಾಮದಲ್ಲೂ ಪಶು ಎಂಬರ್ಥದ ಅಕ್ಷರ ಸೇರಿಸಿ ಸಮಾಧಿಗಲ್ಲಿನ ಮೇಲೆ ಕೆತ್ತಿದ್ದುಂಟು. ತತ್ವ ಗೊತ್ತಿದ್ದವರೇ ಇದನ್ನು ಮಾಡಿದರು ಎಂಬುದು ಎದೆ ಇರಿಯುತ್ತದೆ.

ಕಬುಕಿ ನಟರನ್ನೂ ಹೊಳೆದಂಡೆಯವರೆಂದೇ ಹೀಗಳೆಯುತ್ತಿದ್ದರು. ಯೇದೋ (ಇಂದಿನ ಟೋಕಿಯೋ) ಸೀಮೆಯ ಎತಾ ಜನರ ಮುಖ್ಯಸ್ಥ ದಾನ್‌ಜಾಎಮೊನ್ ಆಟಗಾರರ ಮೇಲೂ ಹಕ್ಕು ಸಾಧಿಸುತ್ತಿದ್ದ. 1708ರಲ್ಲಿ ಗೊಂಬೆಯಾಟದವರು ಇದರ ವಿರುದ್ಧ ದಾವೆ ಹೂಡಿ ಗೆದ್ದರು. ಕಬುಕಿ ನಟ ಎರಡನೆಯ ಇಚಿಕಾವಾ ದಾಂಜೂರೋ ಆ ಗೆಲುವಿನ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡ. ನಟನ ಹಿಗ್ಗು ಸಹಜವೇ. ಆದರೆ ಅವನು ಕೊಡವಿಕೊಂಡ ಕಳಂಕ ಪೂರ್ತಿ ತೊಗಲಿನವರ ಪಾಲಿಗೇ ಉಳಿಯಿತು. ನಟರಿಗೂ ಬಿಡುಗಡೆ ಪೂರ್ತಿ ಸಿಗಲಿಲ್ಲ. 1840ರ ದಶಕದ ಆರಂಭದಲ್ಲಿ ಸರ್ಕಾರ ನಾಟಕಶಾಲೆಗಳನ್ನು ಊರಂಚಿಗೆ ಎತ್ತಂಗಡಿ ಮಾಡಿ, ಹೊರಗೆ ಓಡಾಡುವಾಗ ಹೆಣೆದ ಟೋಪಿಯಿಂದ ಮುಖ ಮುಚ್ಚಿಕೊಳ್ಳಿ ಎಂದಿತು.

ಹೊರಗೇರಿಯ ಕೈಗಳಲ್ಲಿ ಇನ್ನೊಂದು ವಿದ್ಯೆಯೂ ಇತ್ತು. 1771ರ ವಸಂತದಲ್ಲಿ ವೈದ್ಯ ಸುಗಿತಾ ಗೆನ್‌ಪಾಕು ಮತ್ತು ಗೆಳೆಯರು ಡಚ್ ಅಂಗರಚನೆಯ ಪುಸ್ತಕ ಹಿಡಿದು ಯೇದೋದ ಕೊಜುಕಪ್ಪರ ವಧಾಸ್ಥಾನಕ್ಕೆ ಹೋದರು. ಅಂದು ಹೆಣ ಕೊಯ್ಯಬೇಕಿದ್ದ ತೊರಮತ್ಸು ಎಂಬವನಿಗೆ ಕಾಯಿಲೆ. ಅವನ ಬದಲು ಅವನ 90 ವರ್ಷದ ಅಜ್ಜ ಬಂದ. ಅಂದು ಕಂಡದ್ದು ಪುಸ್ತಕದ ಚಿತ್ರಗಳಿಗೆ ಸರಿಯಾಗಿ ಹೊಂದಿತು. 1774ರಲ್ಲಿ ಆ ಪುಸ್ತಕದ ಅನುವಾದ ‘ಕೈತೈ ಶಿನ್ಶೋ’ ಹೊರಬಂತು. ಅದಕ್ಕೆ ಚಿತ್ರ ಬಿಡಿಸಿದ ಸಮುರಾಯ್ ಒದಾನೋ ನಾಒತಾಕೆಯ ಹೆಸರು ಉಳಿದಿದೆ. ಗೆನ್‌ಪಾಕು ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಅಜ್ಜನ ವಯಸ್ಸಿದೆ, ಮೊಮ್ಮಗನ ಹೆಸರಿದೆ, ಅಜ್ಜನ ಹೆಸರಿಲ್ಲ. ಅವನು ಗುಂಡಿಗೆ, ಪಿತ್ತಜನಕಾಂಗ, ಜಠರವನ್ನೆಲ್ಲ ತೋರಿಸಿ, ಬಳಿಕ ಇನ್ನೂ ಕೆಲವು ಭಾಗಗಳತ್ತ ಬೆರಳು ಮಾಡಿದನಂತೆ. ಇವುಗಳ ಹೆಸರು ತನಗೆ ತಿಳಿಯದು, ಆದರೆ ಹರೆಯದಿಂದ ತಾನು ಕೊಯ್ದ ಯಾರ ಒಡಲಲ್ಲಿ ನೋಡಿದರೂ ಇವು ಇದೇ ಜಾಗದಲ್ಲಿ ಇದ್ದವು ಎಂದನಂತೆ.